ಕಂಡಕ್ಟರ್ ಮಾಮಾನ ಇಂಟರ್‌ವ್ಯೂ ತಾಲೀಮು

ಮಾಮಾನ ಹೆಸರು ಬರೆಯಕೂಡದೆಂದು ಮಾಮಿ ಕಟ್ಟುನಿಟ್ಟಾಗಿ ಹೇಳಿದ್ದಾರೆ. "ಹೆಸರ ಹಾಕಬ್ಯಾಡವಾ. ಮಂದಿ ಮತ್ತ ಫೈಲ ಹಿಡ್ಕೊಂಡ ಮನೀಗೆ ಬರ್ತಾರ. ಅವರಂತೂ ಹೋದ್ರು. ಈಗ ಪ್ರಶ್ನೆ ಯಾರ ಕೇಳಬೇಕು, ನಾನು?" ಮಾಮಿಯ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಹೋದ ಶ್ರಾವಣದಲ್ಲಿ ಮಾಮಾ ತೀರಿಕೊಂಡು ಹದಿನೈದು ದಿನವೂ ಆಗಿರಲಿಲ್ಲ, ಜಯಸಿಂಗಪುರದಿಂದ ಇಬ್ಬರು ಇಂಜಿನಿಯರುಗಳು ಸುದ್ದಿ ತಿಳಿಯದೆ ಬಂದು ಕಟ್ಟೆಯ ಮೇಲೆ ಕೂತು, "ಸರ್ ಇದ್ದಾರೇನ್ರಿ? ನಾಳೆ ನಮ್ದು ಇಂಟರ್‌ವ್ಯೂ ಐತ್ರಿ" ಎಂದು ಕೇಳಿದರಂತೆ. ಮಾಮಿ ಅವರಿಗೆ ಊಟ ಹಾಕಿ, ಗೋಡೆಯ ಮೇಲಿನ ಫೋಟೋ ತೋರಿಸಿ ಕಳಿಸಿಕೊಟ್ಟರು.

ಇಂಜಿನಿಯರುಗಳಿಂದ ಸರ್ ಅನ್ನಿಸಿಕೊಂಡ ಈ ಮನುಷ್ಯ ಮೂವತ್ತೊಂದು ವರ್ಷ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಗಡಹಿಂಗ್ಲಜ ಡಿಪೋದಲ್ಲಿ ನಿವೃತ್ತರಾಗಿ, ಇಚಲಕರಂಜಿಯ ನಮ್ಮ ಓಣಿಯಲ್ಲಿ ಬಂದು ನೆಲೆಸಿದ್ದರು. ಕಂಪ್ಯೂಟರ್ ಮುಟ್ಟಿದವರಲ್ಲ. ಅವರ ತಂಗಿಯ ಮಗನೊಬ್ಬ ಇಂಜಿನಿಯರಿಂಗ್ ಮುಗಿಸಿ, ನೌಕರಿ ಸಿಕ್ಕ ಮೇಲೆ, ಸಾಫ್ಟ್‌ವೇರ್ ಸಂದರ್ಶನದ ಪ್ರಶ್ನೋತ್ತರಗಳ ಝೆರಾಕ್ಸ್ ಪುಸ್ತಕವೊಂದನ್ನು ಇವರ ಮನೆಯಲ್ಲಿ ಬಿಟ್ಟುಹೋಗಿದ್ದ. ಹೊಸದಾಗಿ ನಿವೃತ್ತರಾದವರಿಗೆ ಓದಲು ಬೇರೇನೂ ಇರಲಿಲ್ಲ. ದರಪಟ್ಟಿಯನ್ನು ಬಾಯಿಪಾಠ ಮಾಡುವ ಹಾಗೆ ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಾಯಿಪಾಠ ಮಾಡಿಬಿಟ್ಟರು, ಸಂದರ್ಶನಕ್ಕೆ ಹೊರಟವರಿಗೆ ಅದರಿಂದ ಪ್ರಶ್ನೆ ಕೇಳಿ ತಾಲೀಮು ಕೊಡತೊಡಗಿದರು. ಅರ್ಥ ಆಗುತ್ತಿತ್ತೇ ಎಂದು ನಾನೊಮ್ಮೆ ಕೇಳಿದ್ದೆ.

"ಕ್ಯೂ ಅಂದ್ರ ನಮಗ ಯಾರೂ ಕಲಸೂದ ಬ್ಯಾಡ. ಸ್ಟ್ಯಾಕ್ ಅಂದ್ರ ಬಸ್ಸಿನ ಟಪ್ಪಿನ ಮ್ಯಾಲಿನ ಚೀಲ, ಕಡೀಕ ಏರಿಸಿದ್ದು ಮೊದಲ ಇಳೀತೈತಿ. ಬಾಕೀದು ಎಲ್ಲಾ ಹಂಗ ಹೊಂದಸ್ಕೊಂಡೀನಿ," ಎಂದರು.

ಇಂಜಿನಿಯರಿಂಗ್ ಮುಗಿಸಿದ್ದ ನನ್ನ ಪರಿಸ್ಥಿತಿ ಆಗ ಹೀಗಿತ್ತು. ಅಜ್ಜ ರಬಕವಿ ಕಡೆಯಿಂದ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಬಂದವನು. ಅಪ್ಪನೂ ಅದೇ ಕೆಲಸದವನು, ಎಂಟು ಪವರ್‌ಲೂಮುಗಳ ನಡುವೆ ದಿನವಿಡೀ ಓಡಾಡುವವನು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಓಣಿಯಲ್ಲಿ ಎಲ್ಲರ ದನಿಯೂ ದೊಡ್ಡದು. ನನ್ನದೂ ದೊಡ್ಡದೇ. ಆದರೆ ಸಂದರ್ಶನದ ತಣ್ಣಗಿನ ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿ, ಎಲ್ಲ ಸದ್ದೂ ನಿಂತಿತೆಂದರೆ ನನ್ನ ನಾಲಿಗೆಯೂ ನಿಲ್ಲುತ್ತಿತ್ತು. ಉತ್ತರ ಗೊತ್ತಿರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹನ್ನೊಂದು ಕಡೆ ಹೀಗಾಗಿತ್ತು. ಹೊಸಬರನ್ನು ತೆಗೆದುಕೊಳ್ಳುವ ಕಂಪನಿಗಳಲ್ಲಿ ಹೆಚ್ಚಿನವು ಪಾಸಾಗಿ ಎರಡು ವರ್ಷದ ಒಳಗಿನವರನ್ನು ಮಾತ್ರ ಕರೆಯುತ್ತವೆ. ನನಗೆ ಉಳಿದಿದ್ದದ್ದು ಏಳು ತಿಂಗಳು. ಅದು ಮುಗಿದರೆ ನನ್ನ ಪದವಿ, ಹಳೆಯ ತಾರೀಖಿನ ಟಿಕೆಟ್ಟಿನ ಹಾಗೆ, ಕೈಯಲ್ಲಿದ್ದೂ ನಡೆಯುವಂತಿರಲಿಲ್ಲ.

ಅವ್ವನೇ ನನ್ನನ್ನು ಮಾಮಾನ ಬಳಿ ಕರೆದುಕೊಂಡು ಹೋದಳು. "ಇಕೀಗೆ ಬಾಯಿ ಬರೂದಿಲ್ರಿ," ಎಂದಳು, ವೈದ್ಯರಿಗೆ ಹೇಳುವ ಹಾಗೆ.

ಮಾಮಾ ನನ್ನನ್ನು ನೋಡಿ, "ನಿಂದರು," ಎಂದರು. ಕೂರಲು ಹೊರಟವಳು ನಿಂತೆ. ಪಡಸಾಲೆಯ ತೊಲೆಗೆ ಬಸ್ಸಿನಲ್ಲಿರುವಂಥ ಒಂದು ತೊಗಲಿನ ಹಿಡಿಕೆ ಕಟ್ಟಿತ್ತು. ಅದನ್ನು ಹಿಡಿದುಕೊಂಡೇ ಉತ್ತರ ಹೇಳಬೇಕಂತೆ. "ಕುಂತ್ರ ಮಾತೂ ಕುಂದರ್ತಾವ. ಕೈಗೆ ಕೆಲಸಾ ಇದ್ರ ನಾಲಿಗಿ ಸಡಲ ಆಗ್ತೈತಿ. ಹಿಡಿ." ಹಿಡಿದೆ. ಅವರು ಎದುರಿನ ಬೆಂಚಿನ ಮೇಲೆ ಕೂತು, ಹಳೆಯ ಕಾಲದ ಟಿಕೆಟ್ ತೂತು ಮಾಡುವ ಇಕ್ಕಳವನ್ನು ಕೈಗೆ ತೆಗೆದುಕೊಂಡರು. ನಾನು ತಡವರಿಸಿದಾಗೆಲ್ಲ, 'ಅಂ' ಎಂದಾಗೆಲ್ಲ, ಒಂದು ಚೀಟಿಗೆ ಟಕ್ಕೆಂದು ತೂತು ಬೀಳುತ್ತಿತ್ತು. ನಡುನಡುವೆ ಇದ್ದಕ್ಕಿದ್ದಂತೆ "ಘಾಟ ಬಂತು!" ಎಂದು ಕೂಗುತ್ತಿದ್ದರು. ಆಗ ನಾನು, ಬಸ್ಸು ಘಟ್ಟದ ತಿರುವಿನಲ್ಲಿ ಇರುವ ಹಾಗೆ, ಒಂದು ಪಕ್ಕಕ್ಕೆ ವಾಲಿಕೊಂಡು, ಮಾತು ನಿಲ್ಲಿಸದೆ, ಡೇಟಾಬೇಸ್ ಇಂಡೆಕ್ಸ್ ಎಂದರೇನು ಎಂಬುದನ್ನು ಮುಂದುವರಿಸಬೇಕಿತ್ತು. ಮೊದಲ ದಿನ ಮನೆಗೆ ಬಂದಾಗ ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಕಾಗದಕ್ಕಿಂತ ತೂತೇ ಹೆಚ್ಚಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಈ ನಮೂನಿ ಬಟ್ಟಿ ಬಂದ್ರ ಮಾಲಕ ಹೊರಗ ಹಾಕ್ತಾನ," ಎಂದ.

ನನಗೆ ಧೈರ್ಯ ತುಂಬುವ ಮಾಮಾನ ರೀತಿಯೂ ಬೇರೆಯಾಗಿತ್ತು. ಕಂಪನಿಗಳಿಂದ ತಿರಸ್ಕಾರದ ಪತ್ರ ಬಂದರೆ ಬೇರೆ ಮನೆಗಳಲ್ಲಿ ಮುಚ್ಚಿಡುತ್ತಾರೆ. ಮಾಮಾ ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಿಮ್ಮನ್ನು ಆಯ್ಕೆ ಮಾಡಲಾಗದ್ದಕ್ಕೆ ವಿಷಾದಿಸುತ್ತೇವೆ ಎಂಬ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿ, "ಇನ್ನೊಮ್ಮೆ ಓದು," ಎನ್ನುತ್ತಿದ್ದರು. ಓದಿದ ಮೇಲೆ ಅಡುಗೆಮನೆಯ ಕಡೆ ತಿರುಗಿ, "ಏ, ಕೇಳಿದೇನ? ಸಾಹೇಬ ಮಾಫಿ ಕೇಳ್ಯಾನ! ಮೂವತ್ತ ವರ್ಷದಾಗ ನನಗ ಒಬ್ಬ ಸಾಹೇಬನೂ ಮಾಫಿ ಕೇಳಿಲ್ಲ. ಈ ಪೋರಿಗೆ ಹನ್ನೆರಡ ಮಂದಿ ಕೇಳ್ಯಾರ!" ಎಂದು ಕೂಗುತ್ತಿದ್ದರು. ಅವರು ನನ್ನನ್ನು ಸಮಾಧಾನ ಮಾಡಲು ಹೀಗೆ ಹೇಳುತ್ತಾರೆಂದು ಮೊದಮೊದಲು ತಿಳಿದಿದ್ದೆ. ಅಲ್ಲ. ನಿಜವಾಗಿಯೂ ಅವರಿಗೆ ಅದು ದೊಡ್ಡ ಮರ್ಯಾದೆಯೆಂದೇ ತೋರುತ್ತಿತ್ತು. ಅಂಥ ದಿನ ಮಾಮಿ ಶಿರಾ ಮಾಡುತ್ತಿದ್ದರು. ಹದಿಮೂರನೆಯ ತಿರಸ್ಕಾರದ ಹೊತ್ತಿಗೆ ನಾನು ಎರಡು ಕಿಲೋ ಹೆಚ್ಚಾಗಿದ್ದೆ.

ಮೂರು ತಿಂಗಳು ಕಳೆದ ಮೇಲೆ, ಮನೆಯ ತಾಲೀಮು ಸಾಲದು ಎಂದು ತೀರ್ಮಾನಿಸಿ ಒಂದು ಭಾನುವಾರ ನನ್ನನ್ನು ಕೊಲ್ಹಾಪುರ–ಗಡಹಿಂಗ್ಲಜ ಬಸ್ಸಿಗೆ ಹತ್ತಿಸಿದರು. ಕಾಗಲ ದಾಟಿದ ಕೂಡಲೇ ಎದ್ದು ನಿಂತು, ಇಡೀ ಬಸ್ಸಿಗೆ ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದರು: "ಈ ಹುಡಿಗಿ ಇಂಜಿನಿಯರ್ ಅದಾಳ್ರಿ. ಮಂದೀ ಮುಂದ ಮಾತ ಬರೂದಿಲ್ಲ. ನೀವು ಮಂದಿ. ಇಕೀ ಈಗ ಲಿಂಕ್ಡ್ ಲಿಸ್ಟ್ ಹೇಳ್ತಾಳ, ತಿಳೀಲಿಲ್ಲಂದ್ರ ಕೇಳ್ರಿ."

ನೆಲ ಬಾಯಿ ಬಿಡಲಿಲ್ಲ. ಹೇಳಲೇಬೇಕಾಯಿತು. ಒಂದರ ಹಿಂದೆ ಒಂದು ಮಾಹಿತಿ ಇರುತ್ತದೆ, ಪ್ರತಿಯೊಂದಕ್ಕೂ ತನ್ನ ಮುಂದಿನದು ಯಾವುದು ಎಂಬುದು ಮಾತ್ರ ಗೊತ್ತಿರುತ್ತದೆ, ಎಂದು ತೊದಲುತ್ತಾ ಹೇಳಿದೆ. ಕಾಲ ನಡುವೆ ಕೋಳಿಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ, "ನಡುವಿನಾಂವ ಇಳದ ಹೋದ್ರ?" ಎಂದು ಕೇಳಿದಳು.

ಸಂದರ್ಶಕರು ಅದನ್ನೇ ಕೇಳುತ್ತಾರೆ. ನನ್ನ ನಾಲಿಗೆ ನಿಂತಿತು. ನಿಪ್ಪಾಣಿಯ ಸ್ಟ್ಯಾಂಡು ಬಂತು, ಹೋಯಿತು. ಕೊನೆಗೆ ಅಜ್ಜಿಯೇ, "ಹಿಂದಿನಾಂವ ಮುಂದಿನಾಂವನ ಕೈ ಹಿಡೀಬೇಕು. ಮತ್ತೇನೈತಿ ಇದರಾಗ?" ಎಂದು ಮುಗಿಸಿದಳು. ಮಾಮಾ ಅಜ್ಜಿಗೆ ಕೈ ಮುಗಿದರು. ನನ್ನ ಚೀಟಿಗೆ ಒಂದು ತೂತು ಬಿತ್ತು.

ಆಮೇಲಿನ ತಿಂಗಳು ಕೊಲ್ಹಾಪುರದ ಒಂದು ಕಂಪನಿ ನೇರ ಸಂದರ್ಶನ ಕರೆಯಿತು. ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಜೊತೆಗೆ ಹೊರಟರು. ಎರಡನೆಯ ಮಹಡಿಯ ಹಜಾರದಲ್ಲಿ ಕುರ್ಚಿಗಳ ತುಂಬ ಫೈಲು ಹಿಡಿದವರು. ಕೈಯಲ್ಲಿ ಪಟ್ಟಿ ಹಿಡಿದ ಹುಡುಗಿಯೊಬ್ಬಳು ಅಡ್ಡಹೆಸರು ಕೂಗಿ ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಿದ್ದಳು. ಮಾಮಾನ ಅಡ್ಡಹೆಸರು ಈ ಸೀಮೆಯಲ್ಲಿ ಓಣಿಗೆ ನಾಲ್ಕು ಮನೆಯವರದು. ಆ ಹೆಸರಿನ ಅಭ್ಯರ್ಥಿಯೊಬ್ಬ ಅಂದು ಬಂದಿರಲಿಲ್ಲ. ಹುಡುಗಿ ಹೆಸರು ಕೂಗಿದಳು. ಸಾಹೇಬರ ಕೋಣೆಯಿಂದ ಹೆಸರು ಕೂಗಿದರೆ ಎದ್ದು ಹೋಗುವುದು ಮಾಮಾನ ಮೂವತ್ತೊಂದು ವರ್ಷದ ರೂಢಿ. ಎದ್ದರು, ಅಂಗಿ ಸರಿಮಾಡಿಕೊಂಡರು, ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು.

ಗೋಡೆ ಗಾಜಿನದು. ಸದ್ದು ಕೇಳುತ್ತಿರಲಿಲ್ಲ, ಎಲ್ಲ ಕಾಣುತ್ತಿತ್ತು. ಸಂದರ್ಶಕ ನಲವತ್ತರ ಆಸುಪಾಸಿನ ಕನ್ನಡಕದ ಮನುಷ್ಯ. ಕುರ್ಚಿ ತೋರಿಸಿದ; ಮಾಮಾ ಕೂರಲಿಲ್ಲ. ಏನೋ ಕೇಳಿದ. ಮಾಮಾ ಶುರುಮಾಡಿದರು. ಕೈಯಾಡಿಸಿದರು. ಬಿಳಿ ಹಲಗೆಯ ಬಳಿ ಹೋಗಿ ಉದ್ದಕ್ಕೆ ಗೆರೆ ಎಳೆದು ಊರುಗಳನ್ನು ಗುರುತು ಮಾಡಿದರು. ಸಂದರ್ಶಕ ಮೊದಲು ಮುಂದಕ್ಕೆ ಬಾಗಿದ, ಆಮೇಲೆ ಎದ್ದು ನಿಂತ, ಕೊನೆಗೆ ತಾನೇ ಒಂದು ಪೆನ್ನು ತೆಗೆದುಕೊಂಡು ಹಲಗೆಯ ಬಳಿ ಹೋಗಿ ಮಾಮಾನನ್ನೇ ಏನೇನೋ ಕೇಳತೊಡಗಿದ. ಅರ್ಧ ಗಂಟೆಯಾದ ಮೇಲೆ ಮಾಮಾ ಹೊರಗೆ ಬಂದರು. ಕೈಯಲ್ಲಿ ಒಂದು ಹಸಿರು ಚೀಟಿ: ಎರಡನೆಯ ಸುತ್ತಿಗೆ ಆಯ್ಕೆ, ಮೂರನೆಯ ಮಹಡಿಗೆ ಹೋಗಬೇಕು.

ಆ ಸಂದರ್ಶಕ ಕೇಳಿದ್ದ ಪ್ರಶ್ನೆ, ಮಾಮಾ ಹೇಳಿದಂತೆ, ಇದು: ಬಸ್ಸಿನ ಸೀಟು ಕಾದಿರಿಸುವ ಒಂದು ವ್ಯವಸ್ಥೆಯನ್ನು ನೀವು ಹೇಗೆ ಕಟ್ಟುತ್ತೀರಿ?

ಮಾಮಾ ಹಸಿರು ಚೀಟಿಯನ್ನು ಪಟ್ಟಿಯ ಹುಡುಗಿಗೆ ಹಿಂತಿರುಗಿಸಿ, "ನಾ ಈ ಪೋರಿ ಜೋಡಿ ಬಂದಾಂವ್ರಿ ಮ್ಯಾಡಂ, ತಪ್ಪಾತು," ಎಂದು ಮರಾಠಿಯಲ್ಲಿ ಹೇಳಿದರು. ಅವಳು ಗಾಬರಿಯಿಂದ ಪಟ್ಟಿ ನೋಡಿ, ಯಾರಿಗೂ ತಿಳಿಯುವುದು ಬೇಡವೆಂಬಂತೆ ಚೀಟಿಯನ್ನು ನಾಲ್ಕು ತುಂಡು ಮಾಡಿದಳು.

ನನ್ನ ಸರದಿ ಬಂತು. ಅದೇ ಕೋಣೆ, ಅದೇ ಸಂದರ್ಶಕ, ಮುಖದಲ್ಲಿ ಇನ್ನೂ ಉಳಿದಿದ್ದ ಸಂತೋಷ. ಹಲಗೆಯ ಮೇಲೆ ಕೊಲ್ಹಾಪುರದಿಂದ ಗಡಹಿಂಗ್ಲಜದವರೆಗೆ ಮಾಮಾನ ಗೆರೆ ಹಾಗೇ ಇತ್ತು. ನನ್ನನ್ನು ಕೇಳಿದ್ದು ಬೇರೆ ಪ್ರಶ್ನೆ, ಸುಲಭದ್ದೇ. ನಾನು ಆ ಗೆರೆಯನ್ನೇ ನೋಡುತ್ತಾ ನಿಂತೆ. ಐದು ನಿಮಿಷದ ನಂತರ ಆತ ಮೆಲ್ಲಗೆ, "ನೀರು ಕುಡೀತೀರಾ?" ಎಂದ. ಅಷ್ಟೇ ನಮ್ಮ ನಡುವೆ ನಡೆದ ಮಾತು.

ವಾಪಸಿನ ಬಸ್ಸಿನಲ್ಲಿ ಮಾಮಾ ತಡೆಯಲಾರದೆ, "ಆದ್ರೂ ಪಾಸ್ ಅಂದ ನೋಡು ಆಂವಾ," ಎಂದರು. ಮುಖ ಅರಳಿತ್ತು. ನನಗೆ ಮೈಯೆಲ್ಲ ಉರಿಯಿತು.

"ನಿಮಗ ಏನ್ ಗೊತ್ತೈತ್ರಿ ಮಾಮಾ? ಒಂದ ಅಕ್ಷರಾ ಗೊತ್ತಿಲ್ಲ. ನನ್ನ ಜಾಗಾದಾಗ ಹೋಗಿ ನೀವು ಕುಂತ್ರಿ."

ಅವರು ಕೂತಿರಲೇ ಇಲ್ಲ, ನಿಂತಿದ್ದರು. ಅದನ್ನು ಹೇಳಲಿಲ್ಲ. ನನ್ನ ಪಕ್ಕದ ಸೀಟಿನಿಂದ ಎದ್ದು, ಬಸ್ಸಿನ ತುಂಬ ಖಾಲಿ ಸೀಟುಗಳಿದ್ದರೂ, ಇಚಲಕರಂಜಿ ಬರುವವರೆಗೆ ಕಂಬಿ ಹಿಡಿದುಕೊಂಡು ನಿಂತೇ ಬಂದರು.

ನಾನು ಅವರ ಮನೆಗೆ ಹೋಗುವುದನ್ನು ಬಿಟ್ಟೆ. ಒಂದು ತಿಂಗಳಾಯಿತು. ಅಪ್ಪನ ಮಾಲೀಕರು ಕಾರ್ಖಾನೆಯ ಆಫೀಸಿನಲ್ಲಿ ಬಟ್ಟೆಯ ಲೆಕ್ಕ ಬರೆಯಲು ಬಾ ಎಂದರು, ಯೋಚಿಸಿ ಹೇಳುತ್ತೇನೆಂದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಮಾಮಿ ನಮ್ಮ ಮನೆಗೆ ಬಂದು ಹೊಸ್ತಿಲಲ್ಲೇ ಕೂತರು.

"ನಿಮ್ಮ ಮಾಮಾ ಊಟಾ ಬಿಟ್ಟಾರ," ಎಂದರು. "ಡಿಪೋದ ಮಂದಿ ನಗಾಕತ್ತಾರಂತ."

ಆಗ ಮಾಮಿ ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಕಂಡಕ್ಟರ್ ಹುದ್ದೆಯಿಂದ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆಗಲು ಇಲಾಖೆಯ ಸಂದರ್ಶನ ಇರುತ್ತಿತ್ತು. ಮಾಮಾ ಏಳು ಸಲ ಹೋಗಿದ್ದರು. "ಏಳೂ ಸರತಿ ಸಾಹೇಬ್ರ ಮುಂದ ಬಾಯಿ ತಗೀಲಿಲ್ಲ. ಹೆಸರ ಕೇಳಿದ್ರ ಅದೂ ಹೇಳಲಿಲ್ಲಂತ ಒಮ್ಮೆ. ಇವರ ಕೈಯಾಗ ಕಲತಾವ್ರೆಲ್ಲಾ ಕಂಟ್ರೋಲರ್ ಆದ್ರು. ಇವರು ಗಂಟಿ ಹೊಡಕೋತ ರಿಟೈರ್ ಆದ್ರು." ಹೋದ ವಾರ ಗಡಹಿಂಗ್ಲಜದ ಒಂದು ಮದುವೆಯಲ್ಲಿ ಹಳೆಯ ಜೊತೆಗಾರರು ಸಿಕ್ಕಿದಾಗ, ಸಾಫ್ಟ್‌ವೇರ್ ಕಂಪನಿಯ ಇಂಟರ್‌ವ್ಯೂ ಪಾಸಾದೆ ಎಂದು ಮಾಮಾ ಹೇಳಿದ್ದರು. ಊಟದ ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ಈ ಭಾನುವಾರ ಒಬ್ಬ ಡ್ರೈವರನ ನಿವೃತ್ತಿ ಸಮಾರಂಭ, ಅದೇ ಮಂದಿ ಸೇರುತ್ತಾರೆ. ಮಾಮಾ ಹೋಗುವುದಿಲ್ಲ ಎನ್ನುತ್ತಿದ್ದಾರೆ.

"ಚೀಟಿನೂ ಇಟ್ಟಕೊಳ್ಳಲಿಲ್ಲ ಈ ಮನಶ್ಯಾ. ನೋಡಿದಾಕಿ ನೀ ಒಬ್ಬಾಕಿ. ಬರ್ತೀಯೇನವಾ?"

ಹೋದೆ. ಮಾಮಿಯ ಒತ್ತಾಯಕ್ಕೆ ಹೊರಟ ಮಾಮಾ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದರು. ಗಡಹಿಂಗ್ಲಜ ಡಿಪೋದ ಕ್ಯಾಂಟೀನಿನಲ್ಲಿ ಖಾಕಿಯವರು, ನಿವೃತ್ತರು ಸೇರಿ ಮೂವತ್ತು ಜನವಾದರೂ ಇದ್ದರು. ಹಾರ ಹಾಕಿ, ಭಾಷಣ ಮುಗಿದ ಮೇಲೆ ಯಾರೋ ಹಿಂದಿನಿಂದ, "ಮಾಸ್ತರ, ಕಂಪನಿ ಕಾರ್ ಕಳಿಸಲಿಲ್ಲೇನು?" ಎಂದು ಮಾಮಾನನ್ನು ಕೇಳಿದರು; ಡಿಪೋದಲ್ಲಿ ಕಂಡಕ್ಟರ್‌ಗಳೆಲ್ಲ ಮಾಸ್ತರರೇ. ನಗೆ ಶುರುವಾಯಿತು. ಮಾಮಾನ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಹದಿನಾಲ್ಕು ಕಂಪನಿಗಳ ಕೋಣೆಗಳಲ್ಲಿ ನನ್ನದೂ ಅದೇ ಮುಖ ಇದ್ದಿರಬೇಕು.

ನಾನು ಎದ್ದು ನಿಂತೆ. "ಅವರು ಪಾಸ್ ಆಗ್ಯಾರ್ರಿ. ನಾ ನೋಡೀನಿ."

ಒಬ್ಬ ದಪ್ಪ ಮೀಸೆಯ ಹಿರಿಯ ಕಂಟ್ರೋಲರ್ ಮೇಜಿನಾಚೆಯಿಂದ ತನಿಖೆ ಆರಂಭಿಸಿದರು. ಎಷ್ಟನೇ ಮಹಡಿ? ಮೆಟ್ಟಿಲೋ ಲಿಫ್ಟೋ? ಸಾಹೇಬನಿಗೆ ಕನ್ನಡಕ ಇತ್ತೋ? ಎಲ್ಲ ಹೇಳಿದೆ. "ಥಾಪಾ ಹೊಡೀಬ್ಯಾಡ, ಖರೇ ಹೇಳು. ಕೇಳಿದ್ದೇನು, ಇವರು ಹೇಳಿದ್ದೇನು?"

ಕ್ಯಾಂಟೀನಿನ ಹಲಗೆಯ ಮೇಲೆ ಅಂದಿನ ತಿಂಡಿಗಳ ಪಟ್ಟಿ ಇತ್ತು. ಮಿಸಳ್, ಪೋಹೆ, ವಡಾ ಎಲ್ಲವನ್ನೂ ಅಳಿಸಿ, ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಗೆರೆ ಎಳೆದೆ. ಗಾಜಿನಾಚೆ ಮಾಮಾ ಹೇಳಿದ್ದು ನನಗೆ ಕೇಳಿಸಿರಲಿಲ್ಲ, ಆ ಗೆರೆ ನೋಡಿ ಮಿಕ್ಕದ್ದನ್ನು ನಾನೇ ಹೊಂದಿಸಿದೆ. ಒಂದು ಸೀಟೆಂದರೆ ಒಂದು ಟಿಕೆಟ್ಟಲ್ಲ. ನಿಪ್ಪಾಣಿಯವರೆಗೆ ಒಬ್ಬರಿಗೆ ಮಾರಿದ್ದು ನಿಪ್ಪಾಣಿಯಿಂದ ಮುಂದೆ ಖಾಲಿ, ಹಾಗಾಗಿ ಸೀಟನ್ನು ನಿಲ್ದಾಣಗಳ ನಡುವಿನ ತುಂಡುಗಳಾಗಿ ಬರೆದಿಡಬೇಕು, ಎಂದೆ. ಎರಡು ಕಿಟಕಿಗಳಲ್ಲಿ ಇಬ್ಬರು ಒಂದೇ ಸೀಟು ಕೇಳಿದರೆ, ಮೊದಲು ಕೈ ಇಟ್ಟವರು ಮುಗಿಸುವವರೆಗೆ ಇನ್ನೊಬ್ಬರಿಗೆ ಆ ಸೀಟು ಕಾಣಿಸಕೂಡದು, ಎಂದೆ.

"ನಿಪ್ಪಾಣಿಯಾಂವ ಮಲಗಿ ಸಂಕೇಶ್ವರತನಕ ಹೋದ್ರ?" ಒಬ್ಬ ಕೇಳಿದ.

"ಬಸುರಿ ಹೆಂಗಸು ಬಂದ್ರ? ಸೀಟ ಬಿಡಸಬೇಕಲ್ಲ, ಅದನ್ನ ಎಲ್ಲಿ ಬರೀತಿ?" ಇನ್ನೊಬ್ಬ.

"ಗಾಡಿನ ಬ್ರೇಕ್‌ಡೌನ್ ಆದ್ರ?" ಇದು ಹಾರ ಹಾಕಿಸಿಕೊಂಡ ಡ್ರೈವರ್.

ಇವರು ಮೂವತ್ತು ವರ್ಷ ಇದನ್ನೇ ಮಾಡಿದವರು. ಯಾವ ಕಂಪನಿಯಲ್ಲೂ ನನ್ನನ್ನು ಇಷ್ಟು ಕಠಿಣವಾಗಿ ಕೇಳಿರಲಿಲ್ಲ. ಒಂದಕ್ಕೆ ಉತ್ತರ ಹೇಳುವಷ್ಟರಲ್ಲಿ ಮೂರು ಬರುತ್ತಿದ್ದವು, ಹೇಳುತ್ತಾ ಹೋದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಅವರನ್ನೇ ಕೇಳಿದೆ. ಮುಕ್ಕಾಲು ಗಂಟೆಯ ಮೇಲೆ, ಸೀಮೆಸುಣ್ಣ ಮುಗಿದು ಬೆರಳು ಹಲಗೆಗೆ ಉಜ್ಜಿದಾಗ, ಇಷ್ಟು ಹೊತ್ತೂ ಮಾತಾಡುತ್ತಿದ್ದದ್ದು ನಾನೇ ಎಂದು ಹೊಳೆಯಿತು.

ಮೀಸೆಯ ಕಂಟ್ರೋಲರ್ ಎದ್ದರು. ಟೋಪಿ ಹಾಕಿಕೊಂಡು, ಸರಕಾರಿ ದನಿಯಲ್ಲಿ, "ಮಾಸ್ತರ ಪಾಸ್ ಆಗ್ಯಾರ," ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ನಿವೃತ್ತನಾದ ಡ್ರೈವರ್ ತನ್ನ ಕೊರಳಿನ ಎರಡು ಹಾರಗಳಲ್ಲಿ ಒಂದನ್ನು ತೆಗೆದು ಮಾಮಾನಿಗೆ ಹಾಕಿದ.

ಹೊರಗೆ ಬಂದ ಮೇಲೆ ಮಾಮಾ ಹಾರದ ಸಮೇತ ನನ್ನ ಕಡೆ ತಿರುಗಿ, "ಎರಡ ಕಡೆ ತಪ್ಪ ಹೇಳಿದಿ," ಎಂದರು.

"ಏಳ ಸರತಿ ನಾಪಾಸ್ ಆಗಿದ್ದು ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಕಲ್ಯಾಕ ಬರ್ತಿದ್ದೇನ?"

ಬರುತ್ತಿರಲಿಲ್ಲ.

ಎರಡು ವರ್ಷ ತುಂಬಲು ಇನ್ನೂ ಸ್ವಲ್ಪ ದಿನ ಉಳಿದಿದ್ದಾಗ ಕೊಲ್ಹಾಪುರದಲ್ಲೇ ನನಗೆ ಕೆಲಸ ಸಿಕ್ಕಿತು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಗಾಡಿ ತೂಗುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಚಿಕ್ಕ ಆಫೀಸು, ಈಗಲೂ ಅಲ್ಲೇ ಇದ್ದೇನೆ. ಸಂದರ್ಶನ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಡಿಪೋದ ಮುಂದೆ ಅದು ಏನೂ ಅಲ್ಲ.

ನೇರವಾಗಿ ಮಾಮಾನ ಮನೆಗೆ ಹೋಗಿ ಹೇಳಿದೆ. ಮಾಮಿ ಒಳಗಿನಿಂದ ಓಡಿ ಬಂದು ನನ್ನ ಗಲ್ಲ ಸವರಿ ನೆಟಿಕೆ ಮುರಿದರು. ಮಾಮಾ ಏಳಲಿಲ್ಲ. ಬೆಂಚಿನ ಮೇಲೆ ಕೂತಲ್ಲಿಂದಲೇ ಒಂದೊಂದಾಗಿ ಕೇಳಿದರು: ಎಷ್ಟು ಮಂದಿ ಕೂತಿದ್ದರು, ಏನು ಕೇಳಿದರು, ಎಲ್ಲಿ ತಡವರಿಸಿದೆ. ಎಲ್ಲ ಹೇಳಿದೆ. ಇನ್ನೇನೂ ಉಳಿದಿಲ್ಲ ಎಂದುಕೊಳ್ಳುವಾಗ ಕೇಳಿದರು:

"ಚಹಾ ಕೊಟ್ರೇನು?"

"ಕೊಟ್ರ್ರಿ."

"ಬಿಸ್ಕಿಟ್?"

"ಬಿಸ್ಕಿಟ್ಟೂ ಕೊಟ್ರ್ರಿ ಮಾಮಾ."

ಅವರ ಮುಖ ಇಳಿಯಿತು. ಕರುಬು ಅದು, ಮುಚ್ಚುಮರೆಯಿಲ್ಲದ ಅಪ್ಪಟ ಕರುಬು. ಒಂದೇ ಕಚೇರಿಯ ಇಬ್ಬರು ನೌಕರರಲ್ಲಿ ಒಬ್ಬರಿಗೆ ಬಡ್ತಿ ಬಂದಾಗ ಇನ್ನೊಬ್ಬರ ಮುಖದಲ್ಲಿ ಕಾಣುವಂಥದ್ದು.

"ನನಗ ಏನೂ ಕೊಡಲಿಲ್ಲ ನೋಡು," ಎಂದರು.